ನಡುವಯಸ್ಸಿನ ತಳಮಳ

ನಲವತ್ತು ದಾಟಿದ ನಮ್ಮಲ್ಲಿ ಅನೇಕರನ್ನು ಒಂದು ಪ್ರಶ್ನೆ ಕಾಡುತ್ತದೆ: 'ನನ್ನ ಬಾಳು ಇಷ್ಟೇನಾ?' ಒಂದೆಡೆ ವೃದ್ಧ ತಂದೆತಾಯಿಯರ ಕಾಯಿಲೆ, ಇನ್ನೊಂದೆಡೆ ಬೆಳೆದ ಮಕ್ಕಳ ಓದಿನ ಖರ್ಚು. ನಡುವೆ ನಿದ್ದೆಗೆಟ್ಟ ನಾವು ಸಣ್ಣ ಮಾತಿಗೂ ಸಿಡುಕುತ್ತೇವೆ.

ಕೆನಡಾ ಮೂಲದ ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ 1965ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು 'ನಡುವಯಸ್ಸಿನ ಬಿಕ್ಕಟ್ಟು' ಎಂದು ಕರೆದರು. 'ಸಾವು ನನಗೂ ಇದೆ' ಎಂಬ ಅರಿವು ಈ ವಯಸ್ಸಿನಲ್ಲಿ ನಿಜವಾಗಿ ಮನಸ್ಸಿಗೆ ತಟ್ಟುವುದೇ ಇದರ ಮೂಲವೆಂದು ಅವರು ಕಂಡರು. ಆಗ ಅವರಿಗೆ 48 ವರ್ಷ. 86ರವರೆಗೆ ಬಾಳಿದ ಅವರು ಅನೇಕ ಗ್ರಂಥಗಳನ್ನು ಬರೆದದ್ದು ಆ ನಂತರವೇ!

ಹಾಗಾದರೆ ನಾವೇನು ಮಾಡಬೇಕು? ಮೊದಲು ವೈದ್ಯರನ್ನು ಕಾಣೋಣ. ಥೈರಾಯ್ಡ್ ತೊಂದರೆ, ಮುಟ್ಟು ನಿಲ್ಲುವ ಕಾಲದ ಏರುಪೇರುಗಳೂ ಮನಸ್ಸನ್ನು ಕುಗ್ಗಿಸುತ್ತವೆ. ದಿನವೂ ಅರ್ಧ ಗಂಟೆ ನಡೆಯೋಣ. ನೋವು ಮರೆಯಲೆಂದು ಕುಡಿತಕ್ಕೆ ಮೊರೆಹೋಗದೆ ಬಾಳಸಂಗಾತಿಯಲ್ಲಿ ಹೇಳಿಕೊಳ್ಳೋಣ. ಮನೆಯವರಾದ ನಾವೂ ಸಿಡುಕಿಗೆ ಸಿಡುಕದೆ, ಹತ್ತಿರ ಕುಳಿತು ಕೇಳಿಸಿಕೊಳ್ಳೋಣ. ಬದುಕೇ ಬೇಡವೆನಿಸಿದರೆ ತಡಮಾಡದೆ 'ಟೆಲಿ ಮಾನಸ್' ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡೋಣ.

ಕಳೆದ ವರ್ಷಗಳನ್ನು ಎಣಿಸಿ ಕೊರಗುವುದು ಬೇಡ. ಉಳಿದ ದಿನಗಳನ್ನು ಯಾರಿಗಾಗಿ, ಹೇಗೆ ಬಾಳೋಣ ಎಂದು ಇಂದೇ ನಮ್ಮನ್ನು ನಾವು ಕೇಳಿಕೊಳ್ಳೋಣ.