ಬದುಕನ್ನೂ ಲೆಕ್ಕಕ್ಕೆ ತಂದ ಮೆಹಬೂಬ್ ಉಲ್ ಹಕ್

1968. ಪಾಕಿಸ್ತಾನದಲ್ಲಿ ಅಯೂಬ್ ಖಾನ್ ಸರ್ಕಾರ ‘ಅಭಿವೃದ್ಧಿಯ ದಶಕ’ವನ್ನು ಸಂಭ್ರಮಿಸುತ್ತಿತ್ತು. ಆ ಹೊತ್ತಿನಲ್ಲೇ ಯೋಜನಾ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ ಬಹಿರಂಗವಾಗಿ ಒಂದು ಲೆಕ್ಕ ಮುಂದಿಟ್ಟರು: ದೇಶದ ಕೈಗಾರಿಕಾ ಸಂಪತ್ತಿನ ಸುಮಾರು ಮೂರನೇ ಎರಡು ಪಾಲು 22 ಕುಟುಂಬಗಳ ಕೈಯಲ್ಲಿದೆ. ಆ ಬೆಳವಣಿಗೆಯ ಯೋಜನೆಗಳನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಆದ್ದರಿಂದಲೇ ಆ ಮಾತಿಗೆ ತೂಕವಿತ್ತು. ಇಂದು ಜಗತ್ತೇ ಬಳಸುವ ಮಾನವ ಅಭಿವೃದ್ಧಿ ಸೂಚ್ಯಂಕದ ಬೇರು ಇಂಥ ಬೆಳವಣಿಗೆಯ ಬಗೆಗಿನ ಅವರ ಅಸಮಾಧಾನದಲ್ಲಿದೆ.

ಹಕ್ ಹುಟ್ಟಿದ್ದು 1934ರಲ್ಲಿ. ಲಾಹೋರ್‌ನಲ್ಲಿ ಓದಿ ಕೇಂಬ್ರಿಡ್ಜ್‌ಗೆ ಹೋದಾಗ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಗೆಳೆಯರಾದರು. 1970ರಲ್ಲಿ ವಿಶ್ವಬ್ಯಾಂಕ್ ಸೇರಿದ ಹಕ್, ಅಧ್ಯಕ್ಷ ರಾಬರ್ಟ್ ಮೆಕ್‌ನಮಾರ ಅವರ ಗಮನವನ್ನು ಬಡತನದತ್ತ ಹೊರಳಿಸಲು ದುಡಿದರು. ಎಂಬತ್ತರ ದಶಕದಲ್ಲಿ ತಾಯ್ನಾಡಿಗೆ ಮರಳಿ ಹಣಕಾಸು ಸಚಿವರೂ ಆದರು.

1989ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅವರನ್ನು ಕರೆಸಿಕೊಂಡಿತು. ದೇಶಗಳ ಏಳಿಗೆಯನ್ನು ಒಂದೇ ಅಂಕಿಯಲ್ಲಿ ಹೇಳಬೇಕೆಂಬುದು ಹಕ್ ಹಟ. ಮನುಷ್ಯರ ಬದುಕನ್ನು ಒಂದು ಅಂಕಿಗೆ ಇಳಿಸುವುದು ಸೇನ್ ಅವರಿಗೆ ಒಪ್ಪಿಗೆಯಾಗಲಿಲ್ಲ. ರಾಷ್ಟ್ರೀಯ ಉತ್ಪನ್ನವೂ ಒರಟು ಅಳತೆಯೇ. ಅದರ ಏಕಸ್ವಾಮ್ಯ ಮುರಿಯಲು ಅಷ್ಟೇ ಸರಳವಾದ, ಆದರೆ ಜನರ ಬದುಕಿಗೆ ಕುರುಡಾಗದ ಇನ್ನೊಂದು ಅಳತೆ ಬೇಕು ಎಂಬುದು ಹಕ್ ವಾದ. ಸೇನ್ ಕೊನೆಗೆ ಮಣಿದು, ಅದನ್ನು ಕಟ್ಟಲು ಕೈಜೋಡಿಸಿದರು.

1990ರ ಮೊದಲ ಮಾನವ ಅಭಿವೃದ್ಧಿ ವರದಿ 130 ದೇಶಗಳನ್ನು ಅಳೆಯಿತು. ನಿರೀಕ್ಷಿತ ಆಯುಷ್ಯ, ವಯಸ್ಕರ ಸಾಕ್ಷರತೆ, ತಲಾ ಆದಾಯ ಈ ಮೂರನ್ನೂ ಸೊನ್ನೆಯಿಂದ ಒಂದರವರೆಗಿನ ಮಾಪಕಕ್ಕೆ ಹೊಂದಿಸಲಾಯಿತು. ಬಡವನ ಕೈಗೆ ಬರುವ ನೂರು ರೂಪಾಯಿ ಸಿರಿವಂತನಿಗೆ ಬರುವ ನೂರಕ್ಕಿಂತ ಹೆಚ್ಚು ಬೆಲೆಯದು. ಹಾಗಾಗಿ ಆದಾಯ ಏರಿದಂತೆ ಅದರ ತೂಕ ತಗ್ಗುವ ಹಾಗೆ ಲೆಕ್ಕ ಹಾಕಿದರು. ಫಲ ಎದ್ದು ಕಂಡಿತು. ಶಾಲೆ, ಆಸ್ಪತ್ರೆಗಳಿಗೆ ಹಣ ಹಾಕಿದ ಶ್ರೀಲಂಕಾ ತನ್ನ ಆದಾಯದ ಸ್ಥಾನಕ್ಕಿಂತ ಬಹಳ ಮೇಲೇರಿತು. ಸೌದಿ ಅರೇಬಿಯಾ, ಒಮಾನ್‌ನಂಥ ತೈಲಸಂಪನ್ನ ದೇಶಗಳು ಕೆಳಗಿಳಿದವು.

ಸರಾಸರಿ ಎಂಬುದು ಒಳಗಿನ ಅಸಮಾನತೆಯನ್ನು ಮರೆಮಾಚುತ್ತದೆ. ಹಾಗಾಗಿ 2010ರಲ್ಲಿ ಅಸಮಾನತೆಯನ್ನೂ ಪರಿಗಣಿಸುವ ಸೂಚ್ಯಂಕ ಬಂತು.

ಇದೇ ಅಳತೆಯನ್ನು ರಾಜ್ಯದ ಮಟ್ಟಕ್ಕೆ ತಂದು ಕರ್ನಾಟಕ 1999ರಲ್ಲೇ ತನ್ನ ಮೊದಲ ಮಾನವ ಅಭಿವೃದ್ಧಿ ವರದಿ ಹೊರತಂದಿತು. 2005ರ ಎರಡನೇ ವರದಿಯಲ್ಲಿ ಬೆಂಗಳೂರು ನಗರ ಜಿಲ್ಲೆ ಮೊದಲಿತ್ತು, ರಾಯಚೂರು ಕೊನೆಗಿತ್ತು. ಒಂದೇ ರಾಜ್ಯದೊಳಗಿನ ಈ ಅಂತರವನ್ನು ರಾಜ್ಯದ ಸರಾಸರಿ ಆದಾಯ ಎಂದೂ ತೋರಿಸಲಾರದು.

ಹಕ್ 1998ರಲ್ಲಿ ತೀರಿಕೊಂಡರು. ಅವರು ಕಲಿಸಿದ ಪ್ರಶ್ನೆ ನಮ್ಮ ಕೈಯಲ್ಲಿದೆ. ಮುಂದಿನ ಬಜೆಟ್ ಬಂದಾಗ ಬೆಳವಣಿಗೆ ದರ ಓದಿ ಸುಮ್ಮನಾಗಬೇಡಿ. ನಿಮ್ಮ ತಾಲ್ಲೂಕಿನ ಎಷ್ಟು ಹೆಣ್ಣುಮಕ್ಕಳು ಪ್ರೌಢಶಾಲೆ ಮುಗಿಸಿದರು, ಎಷ್ಟು ಹಸುಗೂಸುಗಳು ಉಳಿದವು ಎಂದು ನಿಮ್ಮ ಶಾಸಕರನ್ನು ಕೇಳಿ.