ಟೇಬಲಿನಲ್ಲಿರೋ ಸಂಖ್ಯೆ ಎಲ್ಲಿಂದ ಬಂತು?

ಥರ್ಮೋ ಪರೀಕ್ಷೆಗೆ ನಾವೆಲ್ಲ ಡೇಟಾ ಹ್ಯಾಂಡ್‌ಬುಕ್ ಹಿಡ್ಕೊಂಡು ಹೋಗ್ತೀವಿ. ಬೇಕಾದ ಸಂಖ್ಯೆ ಹುಡುಕಿ, ಸೂತ್ರಕ್ಕೆ ಹಾಕಿ, ಉತ್ತರದ ಕೆಳಗೆ ಎರಡು ಗೆರೆ ಎಳೆದರೆ ಮುಗೀತು. ಆದರೆ ಆ ಸಂಖ್ಯೆಯನ್ನು ಯಾರೋ ಲ್ಯಾಬಿನಲ್ಲಿ ಕೂತು ಅಳೆದಿರಬೇಕಲ್ಲ? ಅಳೆಯದೆ ಬರೀ ಲೆಕ್ಕವನ್ನೇ ನಂಬಿದರೆ ಏನಾಗುತ್ತದೆ ಅನ್ನೋದಕ್ಕೆ ಎಥನಾಲ್ ಒಳ್ಳೆಯ ಉದಾಹರಣೆ.

ನಮ್ಮ ಮಂಡ್ಯ, ಬೆಳಗಾವಿ ಕಡೆ ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಕಾಕಂಬಿ ಉಳಿಯುತ್ತದೆ. ಅದನ್ನು ಯೀಸ್ಟ್ ಹಾಕಿ ಹುದುಗಿಸಿದರೆ ಎಥನಾಲ್ ಸಿಗುತ್ತದೆ. ಆದರೆ ಹುದುಗಿದ ದ್ರವದಲ್ಲಿ ಅದರ ಪಾಲು ಶೇ. 10ರ ಆಸುಪಾಸು; ಉಳಿದದ್ದು ಬಹುಪಾಲು ನೀರು. ಪೆಟ್ರೋಲಿಗೆ ಬೆರೆಸೋಕೆ ಶೇ. 99ಕ್ಕಿಂತ ಶುದ್ಧವಾದ ಎಥನಾಲ್ ಬೇಕು. ಎಥನಾಲ್ ಕುದಿಯುವುದು 78.4 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು 100ರಲ್ಲಿ. ಬಟ್ಟಿ ಇಳಿಸಿದರಾಯ್ತು, ಅಲ್ವಾ?

ಅಷ್ಟು ಸುಲಭ ಅಲ್ಲ. ದ್ರವದ ನೂರು ಅಣುಗಳಲ್ಲಿ ಹತ್ತು ಎಥನಾಲ್ ಇದ್ದರೆ, ಅದರಿಂದ ಏಳುವ ಆವಿಯಲ್ಲಿ ಸುಮಾರು 20 ಇರಬೇಕು ಅನ್ನುತ್ತದೆ ರೌಲ್ಟ್ ನಿಯಮ. ಅಳೆದರೆ ಸಿಗುವುದು ಸುಮಾರು 44! ಶುರುವಿನಲ್ಲಿ ಇದು ಲಾಭವೇ. ಪೆಟ್ಟು ಬೀಳುವುದು ಕೊನೆಯಲ್ಲಿ. ಎಥನಾಲ್ ತೂಕದಲ್ಲಿ ಶೇ. 95.6 ಮುಟ್ಟಿದಾಗ ದ್ರವ, ಆವಿ ಎರಡರ ಮಿಶ್ರಣವೂ ಒಂದೇ ಆಗಿಬಿಡುತ್ತದೆ. ಇದೇ ಅಜಿಯೋಟ್ರೋಪ್. 78.2 ಡಿಗ್ರಿಯಲ್ಲಿ ಅದು ಒಂದೇ ವಸ್ತುವಿನ ಹಾಗೆ ಕುದಿಯುತ್ತದೆ. ವಾತಾವರಣದ ಒತ್ತಡದಲ್ಲಿ ಕಾಲಂ ಎಷ್ಟೇ ಎತ್ತರ ಕಟ್ಟಿದರೂ ಅಲ್ಲಿಂದ ಮುಂದಕ್ಕೆ ಹೋಗಲ್ಲ. ರೌಲ್ಟ್ ಲೆಕ್ಕದಲ್ಲಿ ಈ ಗೋಡೆ ಕಾಣೋದೇ ಇಲ್ಲ. ಅಳತೆಯಿಂದ ಅದು ಗೊತ್ತಿರುವುದರಿಂದಲೇ ಡಿಸ್ಟಿಲರಿಗಳು ಕೊನೆಯ ನೀರನ್ನು ಮಾಲಿಕ್ಯುಲರ್ ಸೀವ್‌ನಿಂದ ಹೀರಿಸುತ್ತವೆ. ಅದರ ರಂಧ್ರಗಳು ಸುಮಾರು 0.3 ನ್ಯಾನೋಮೀಟರ್, ನೀರಿನ ಅಣು ಒಳಗೆ ನುಸುಳುತ್ತದೆ, ಎಥನಾಲ್ ಹೊರಗೇ ಉಳಿಯುತ್ತದೆ.

ಇದನ್ನು ಅಳೆಯೋದು ಹೇಗೆ? ಮಿಶ್ರಣವನ್ನು ಒಂದು ಗಾಜಿನ ಸ್ಟಿಲ್‌ನಲ್ಲಿ ಕುದಿಸಿ, ಆವಿಯನ್ನು ತಣಿಸಿ, ಮತ್ತೆ ಅದೇ ಪಾತ್ರೆಗೆ ಬಿಡಬೇಕು. ಹೀಗೆ ಸುತ್ತುತ್ತಾ ತಾಪಮಾನ ಅಲುಗಾಡದೆ ನಿಂತಾಗ ಸಮತೋಲನ ಬಂದಿದೆ ಅಂತ ತಿಳಿದು, ಎರಡೂ ಕಡೆಯಿಂದ ಸ್ಯಾಂಪಲ್ ತೆಗೆಯಬೇಕು. ಇಲ್ಲೂ ಒಂದು ಬಲೆ ಇದೆ. ಎಥನಾಲ್-ನೀರಿನ ವಕ್ರೀಭವನ ಸೂಚ್ಯಂಕ ಏರಿ, ತೂಕದಲ್ಲಿ ಶೇ. 80ರ ಸುತ್ತಮುತ್ತ ಮತ್ತೆ ಇಳಿಯುತ್ತದೆ. ಹಾಗಾಗಿ ಒಂದೇ ರೀಡಿಂಗ್‌ಗೆ ಎರಡು ಉತ್ತರ ಬರಬಹುದು. ಸಾಂದ್ರತೆ ಅಳೆಯೋದು ವಾಸಿ. ಬಂದ ಡೇಟಾವನ್ನು ಗಿಬ್ಸ್-ಡುಹೆಮ್ ಸಮೀಕರಣಕ್ಕೆ ಒಡ್ಡಿ, ಅದಕ್ಕೆ ಹೊಂದದಿದ್ದರೆ ಮತ್ತೆ ಅಳೆಯಬೇಕು.

ಎಥನಾಲ್ ಹಳೆಯ ಪರಿಚಯ. ಹೊಸ ಜೈವಿಕ ರಾಸಾಯನಿಕಗಳು ಇಷ್ಟು ಸಾಧು ಅಲ್ಲ. ನಮ್ಮ ತ್ರೀಡಿ ಪ್ರಿಂಟರಿನ ಪಿಎಲ್‌ಎ ದಾರದ ಮೂಲ ಲ್ಯಾಕ್ಟಿಕ್ ಆಮ್ಲ. ಅದೂ ಸಕ್ಕರೆ ಹುದುಗಿಸಿಯೇ ಬರುತ್ತದೆ. ಅದನ್ನು ಕಾಯಿಸಿದರೆ ಅದರ ಅಣುಗಳು ಒಂದಕ್ಕೊಂದು ಅಂಟಿಕೊಂಡು ಸರಪಳಿಯಾಗುತ್ತವೆ. ಅಂದರೆ ನಾವು ಫ್ಲಾಸ್ಕಿಗೆ ಹಾಕಿದ್ದೇ ಬೇರೆ, ಅಳೆಯುವ ಹೊತ್ತಿಗೆ ಅಲ್ಲಿರೋದೇ ಬೇರೆ! ಇಂಥವನ್ನು ಒತ್ತಡ ಇಳಿಸಿ, ಕಡಿಮೆ ತಾಪದಲ್ಲಿ ಅಳೆಯುತ್ತಾರೆ. ಇಲ್ಲವೇ ವಸ್ತುವಿನ ಮೇಲೆ ನೈಟ್ರೋಜನ್ ಹಾಯಿಸಿ, ಅದು ಹೊತ್ತೊಯ್ದ ಆವಿ ಎಷ್ಟು ಅಂತ ನೋಡಿ ಆವಿಯ ಒತ್ತಡ ಲೆಕ್ಕ ಹಾಕುತ್ತಾರೆ.

ಪ್ರಾಜೆಕ್ಟಿಗೆ ಸಿಮ್ಯುಲೇಟರ್ ತೆರೆದು ಎನ್‌ಆರ್‌ಟಿಎಲ್ ಮಾಡೆಲ್ ಒತ್ತುವ ಮುಂಚೆ ನಾವು ಒಂದು ನಿಮಿಷ ನಿಲ್ಲೋಣ. ಅದರೊಳಗಿನ ಗುಣಾಂಕಗಳು ಅಳತೆಯಿಂದ ಬಂದವೋ, ಬರೀ ಅಂದಾಜೋ? ಅಳೆದದ್ದಾದರೆ ಯಾವ ತಾಪಮಾನದಿಂದ ಯಾವುದರವರೆಗೆ? ಸ್ಕ್ರೀನ್ ಮೇಲೆ ಕಾಲಂ ಯಾವಾಗಲೂ ಓಡುತ್ತದೆ. ಉಕ್ಕಿನಲ್ಲಿ ಕಟ್ಟಿದ್ದು ಓಡಬೇಕಾದರೆ ಈ ಎರಡು ಪ್ರಶ್ನೆಗೆ ಉತ್ತರ ಬೇಕು.