ಕಡಲ ನೀರಿನ ಅಕ್ವೇರಿಯಂ: ಔಷಧಿಗೆ ಮೊದಲು ಸೂಕ್ಷ್ಮದರ್ಶಕ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಭಾಗದ ಗ್ರಾಹಕರಿಗಾಗಿ ಸಮುದ್ರದ ಅಲಂಕಾರಿಕ ಮೀನುಗಳನ್ನು ಸಾಕುವವರು ಬಿಳಿ ಚುಕ್ಕೆ ಕಂಡೊಡನೆ ತೊಟ್ಟಿಗೆ ತಾಮ್ರಯುಕ್ತ ಔಷಧಿ ಸುರಿಯಬಾರದು. ತಾಮ್ರವು ಹವಳ, ಸಿಗಡಿ, ಬಸವನಹುಳುಗಳನ್ನೂ ಕೊಲ್ಲುತ್ತದೆ.

ಗಾಜಿನ ಮೇಲೆ ಜಿಗಿದಾಡುವ ಬಿಳಿ ಕಣಗಳು ಬಹುತೇಕ ಕೋಪೆಪಾಡ್‌ಗಳು. ಸೂಕ್ಷ್ಮದರ್ಶಕದಲ್ಲಿ ಒಂದೇ ಕಣ್ಣು, ಹೆಣ್ಣಿನಲ್ಲಿ ಮೊಟ್ಟೆಚೀಲ ಕಾಣುತ್ತವೆ. ಇವು ಮೀನಿಗೆ ಆಹಾರವೇ ಹೊರತು ರೋಗವಲ್ಲ.

ರೋಗಾಣುವನ್ನು ಮೀನಿನ ಮೈಮೇಲೆಯೇ ಹುಡುಕಬೇಕು. ಚರ್ಮದ ಲೋಳೆಯನ್ನು ಕವರ್‌ಸ್ಲಿಪ್‌ನ ಅಂಚಿನಿಂದ ಮೃದುವಾಗಿ ತೆಗೆದು, ತೊಟ್ಟಿಯದೇ ಒಂದು ಹನಿ ನೀರಿನೊಡನೆ ಸ್ಲೈಡ್ ಮೇಲಿರಿಸಿ, ತಕ್ಷಣ 40ರಿಂದ 100 ಪಟ್ಟು ಹಿಗ್ಗಿಸಿ ನೋಡಿರಿ. ಕೊಳವೆಬಾವಿಯ ನೀರು ಸಲ್ಲದು. ಸಿಹಿನೀರಿನಲ್ಲಿ ಕಡಲ ಏಕಕೋಶಜೀವಿಗಳು ಉಬ್ಬಿ ಒಡೆಯುತ್ತವೆ, ನೋಡಲು ಏನೂ ಉಳಿಯದು.

ಸುತ್ತಲೂ ನವಿರು ರೋಮಗಳಿದ್ದು ನಿಧಾನವಾಗಿ ಉರುಳುವ ಕಪ್ಪು ದುಂಡು ಜೀವಿ ಕ್ರಿಪ್ಟೋಕ್ಯಾರಿಯಾನ್. ಆಗ ಮೀನುಗಳನ್ನೆಲ್ಲ ಬೇರೆ ತೊಟ್ಟಿಗೆ ಸಾಗಿಸಿ, ಅಲ್ಲಿಯೇ ತಾಮ್ರದ ಚಿಕಿತ್ಸೆ ನೀಡಿರಿ. ಮುಖ್ಯ ತೊಟ್ಟಿ ಹಲವು ವಾರ ಮೀನಿಲ್ಲದೆ ಇರಲಿ. ಮರಳಿನಲ್ಲಿ ಅಡಗಿದ ಕೋಶಗಳಿಂದ ಹೊರಬರುವ ಮರಿಗಳು ಮೀನು ಸಿಗದಿದ್ದರೆ 1–2 ದಿನದಲ್ಲಿ ಸಾಯುತ್ತವೆ. ಸಬ್ಬಕ್ಕಿಯಂತೆ ಗುಂಪಾಗಿ ಉಬ್ಬಿದ, ಅಲುಗಾಡದ ಜೀವಕೋಶಗಳು ಲಿಂಫೋಸಿಸ್ಟಿಸ್ ವೈರಸ್ಸಿನ ಗುರುತು. ಇದಕ್ಕೆ ತಾಮ್ರ ನಿಷ್ಪ್ರಯೋಜಕ, ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ.

ಗುರುತಿಸುವಲ್ಲಿ ಸಂಶಯವಿದ್ದರೆ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರದ ತಜ್ಞರನ್ನು ಸಂಪರ್ಕಿಸಿರಿ.